ದುಡ್ಡಿನ ಗೆರೆ ದಾಟಿದ ಮೇಲಿನ ಆಟ

ದೀಪಾವಳಿಗೆ ಇನ್ನೂ ತಿಂಗಳಿರುವಾಗಲೇ ದೆಹಲಿ, ನೊಯ್ಡಾ, ಗುರುಗ್ರಾಮದ ಅಪಾರ್ಟ್‌ಮೆಂಟುಗಳಲ್ಲಿ ‘ತಾಶ್ ಪಾರ್ಟಿ’ಗೆ ಕರೆ ಶುರುವಾಗುತ್ತದೆ. ಎಣ್ಣೆಸ್ನಾನ, ಕಜ್ಜಾಯದ ದೀಪಾವಳಿ ಕಂಡು ಬೆಳೆದವರಿಗೆ ಮೊದಮೊದಲು ಇದು ವಿಚಿತ್ರ ಎನಿಸುತ್ತದೆ. ಲಕ್ಷ್ಮೀಪೂಜೆಯ ಹೊತ್ತಿಗೆ ಇಸ್ಪೀಟೇ ಎಂದು ಹುಬ್ಬೇರಿಸುತ್ತೇವೆ. ಆಮೇಲೆ ಮಂಡ್ಯ, ಹಾಸನದ ಕಡೆಯವರಿಗೆ ಹೊಸತೊಡಕು ನೆನಪಾಗುತ್ತದೆ. ಯುಗಾದಿ ಮುಗಿಯುತ್ತಿದ್ದಂತೆ ಅರಳಿಕಟ್ಟೆಯ ಮೇಲೆ ಎಲೆ ಹಾಸದ ಊರು ಆ ಸೀಮೆಯಲ್ಲಿ ಎಷ್ಟಿವೆ ಹೇಳಿ? ಹಬ್ಬ ಬೇರೆ, ನೆಪ ಒಂದೇ.

ಇಲ್ಲಿನ ಐಟಿ ಮಂದಿಯ ನಡುವೆ ತೀನ್ ಪತ್ತಿಯ ಜೊತೆಗೆ ಪೋಕರ್ ಕೂಡ ಬಂದು ಕೂತಿದೆ. ನೊಯ್ಡಾದ ನಮ್ಮ ಎಂಟು ಜನ ಕನ್ನಡಿಗರ ಗುಂಪು ತಿಂಗಳಿಗೆ ಎರಡು ಶನಿವಾರ ಟೂರ್ನಮೆಂಟ್ ಆಡುತ್ತದೆ. ದುಡ್ಡು ಕಟ್ಟುವುದಿಲ್ಲ. ಎಲ್ಲರಿಗೂ ಸಮನಾಗಿ ಚಿಪ್ಸ್ ಹಂಚುತ್ತೇವೆ, ಪಾಯಿಂಟುಗಳನ್ನು ಎಕ್ಸೆಲ್ ಶೀಟಿನಲ್ಲಿ ಬರೆಯುತ್ತೇವೆ. ತಿಂಗಳ ಕೊನೆಗೆ ತಳದಲ್ಲಿ ಉಳಿದವರ ಮನೆಯಲ್ಲಿ ಎಲ್ಲರಿಗೂ ಬಿಸಿಬೇಳೆಬಾತ್. ವರ್ಷಕ್ಕೊಮ್ಮೆ ನಮ್ಮಲ್ಲಿ ಕೆಲವರು ಗೋವಾಕ್ಕೆ ಹೋಗಿ, ಮೊದಲೇ ತೆಗೆದಿಟ್ಟ ದುಡ್ಡಿನಲ್ಲಿ ನಿಜವಾದ ಟೂರ್ನಮೆಂಟ್ ಆಡಿ ಬರುತ್ತೇವೆ.

ಗುಂಪಿನಲ್ಲಿ ಹೆಚ್ಚು ಕೇಳಿಬರುವ ಪ್ರಶ್ನೆ ಒಂದೇ: ‘ದುಡ್ಡು ಸಿಗೋ ಜಾಗದವರೆಗೆ ಬರ್ತೀನಿ, ಆಮೇಲೆ ಹತ್ತೇ ನಿಮಿಷದಲ್ಲಿ ಹೊರಗೆ. ಮುಂದೆ ಹೋಗೋದು ಹೇಗೆ?’ ನಮ್ಮ ಧಾರವಾಡದ ಗೆಳೆಯನ ಉತ್ತರವೂ ಒಂದೇ: ‘ರೊಕ್ಕ ಬಂತಲ್ಲಪಾ, ಸಾಕು ಬಿಡು.’ ಸಾಕಾಗುವುದಿಲ್ಲ ಎನ್ನುವುದಕ್ಕೆ ಲೆಕ್ಕವಿದೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ.

ದುಡ್ಡು ಇರುವುದು ತುದಿಯಲ್ಲಿ

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೆಕ್ಸಸ್ ಹೋಲ್ಡೆಮ್ ಪೋಕರಿನಲ್ಲಿ ಒಬ್ಬೊಬ್ಬರಿಗೂ ಎರಡು ಗುಟ್ಟಿನ ಎಲೆ, ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ. ತೀನ್ ಪತ್ತಿಯಲ್ಲಿ ‘ಬ್ಲೈಂಡ್’ ಎಂದರೆ ಎಲೆ ನೋಡದೆ ಆಡುವುದು. ಇಲ್ಲಿ ಬ್ಲೈಂಡ್ ಎಂದರೆ ಪ್ರತಿ ಆಟಕ್ಕೂ ಇಬ್ಬರು ಸರದಿಯಂತೆ ಕಡ್ಡಾಯವಾಗಿ ಇಡಬೇಕಾದ ಚಿಪ್ಸ್, ಒಂದು ಚಿಕ್ಕದು, ಒಂದು ದೊಡ್ಡದು. ಟೂರ್ನಮೆಂಟಿನಲ್ಲಿ ಇವು ಇಂತಿಷ್ಟು ನಿಮಿಷಕ್ಕೊಮ್ಮೆ ಏರುತ್ತಾ ಹೋಗುತ್ತವೆ. ಚಿಪ್ಸ್ ಖಾಲಿಯಾದವರು ಹೊರಗೆ. ಬಹುಮಾನ ಸಿಗುವುದು ಕೊನೆಯವರೆಗೆ ಉಳಿದ ಕೆಲವರಿಗೆ ಮಾತ್ರ.

ಒಂದು ಉದಾಹರಣೆ ತೆಗೆದುಕೊಳ್ಳಿ. 100 ಜನ ತಲಾ 10,000 ರೂಪಾಯಿ ಕಟ್ಟಿದ್ದಾರೆ, ಒಟ್ಟು 10 ಲಕ್ಷ. ನಡೆಸುವವರ ಶುಲ್ಕವನ್ನು ಸದ್ಯ ಬಿಡೋಣ. 15 ಜನಕ್ಕೆ ಬಹುಮಾನ. 15ನೇ ಸ್ಥಾನಕ್ಕೆ 20,000, ಮೊದಲನೆಯದಕ್ಕೆ 2.5 ಲಕ್ಷ, ಎರಡನೆಯದಕ್ಕೆ 1.6 ಲಕ್ಷ, ಮೂರನೆಯದಕ್ಕೆ 1.1 ಲಕ್ಷ. ಅರ್ಧಕ್ಕಿಂತ ಹೆಚ್ಚು ದುಡ್ಡು ಮೂರೇ ಜನರ ಪಾಲು.

ಈಗ ಇಬ್ಬರು ಆಟಗಾರರು ಇಂಥ 100 ಟೂರ್ನಮೆಂಟ್ ಆಡಿದರೆಂದುಕೊಳ್ಳಿ. ಇಬ್ಬರದೂ ಖರ್ಚು 10 ಲಕ್ಷ. ಮೊದಲನೆಯವನು ಹುಷಾರಿ, 15 ಬಾರಿ ಬಹುಮಾನ ಮುಟ್ಟುತ್ತಾನೆ, ಆದರೆ ಪ್ರತಿ ಸಲವೂ ಕೊನೆಯ ಮೆಟ್ಟಿಲು. ಅವನ ಕೈಗೆ ಬಂದದ್ದು 3 ಲಕ್ಷ. ಎರಡನೆಯವನು ಮುಟ್ಟಿದ್ದು 12 ಬಾರಿ ಮಾತ್ರ. ಅದರಲ್ಲಿ ಎರಡು ಸಲ ಮೊದಲ ಸ್ಥಾನ, ಒಮ್ಮೆ ಎರಡನೆಯದು, ಎರಡು ಸಲ ಮೂರನೆಯದು, ಉಳಿದ ಏಳು ಸಲ ಕೊನೆಯ ಮೆಟ್ಟಿಲು. ಅವನಿಗೆ ಬಂದದ್ದು 10.2 ಲಕ್ಷ. ಕಡಿಮೆ ಸಲ ಗೆದ್ದವನು ಮೂರು ಪಟ್ಟಿಗೂ ಹೆಚ್ಚು ತಂದ.

ಇದು ಕಾಗದದ ಮೇಲಿನ ಲೆಕ್ಕ ಎನ್ನುವವರು ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ನೋಡಲಿ. ಅಲ್ಲಿನ ಮುಖ್ಯ ಟೂರ್ನಮೆಂಟಿನ ಪ್ರವೇಶ 10,000 ಡಾಲರ್. 2023ರಲ್ಲಿ 10,043 ಜನ ಆಡಿದರು, 1,507 ಜನಕ್ಕೆ ಬಹುಮಾನ ಸಿಕ್ಕಿತು. ಕೊನೆಯ ಮೆಟ್ಟಿಲಿಗೆ 15,000 ಡಾಲರ್, ಗೆದ್ದವನಿಗೆ 1.21 ಕೋಟಿ ಡಾಲರ್. ಇಬ್ಬರೂ ‘ದುಡ್ಡು ಮುಟ್ಟಿದವರೇ’. ನಡುವಿನ ಅಂತರ 800 ಪಟ್ಟಿಗೂ ಹೆಚ್ಚು.

ಚಿಪ್ಸ್ ಬೇರೆ, ರೂಪಾಯಿ ಬೇರೆ

ಹಾಗಾದರೆ ಕಣ್ಣು ಮುಚ್ಚಿ ಚಿಪ್ಸ್ ಕೂಡಿಹಾಕಬೇಕೆ? ಇಲ್ಲ. ಟೂರ್ನಮೆಂಟಿನಲ್ಲಿ ಗೆದ್ದ ಚಿಪ್ಪಿಗಿಂತ ಕಳೆದುಕೊಂಡ ಚಿಪ್ಪಿನ ಬೆಲೆ ಹೆಚ್ಚು.

ಇದನ್ನು ಅಳೆಯುವ ಸೂತ್ರ ಬಂದದ್ದು ಕುದುರೆ ರೇಸಿನಿಂದ. ಗೆಲ್ಲುವ ಕುದುರೆಯ ಸಂಭವ ಗೊತ್ತಿದ್ದರೆ ಎರಡನೇ, ಮೂರನೇ ಸ್ಥಾನದ ಸಂಭವವನ್ನು ಹೇಗೆ ಕಂಡುಹಿಡಿಯುವುದೆಂದು ಡೇವಿಡ್ ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ಬರೆದ. 1987ರಲ್ಲಿ ಮೇಸನ್ ಮಾಲ್ಮತ್ ಅದೇ ಯೋಚನೆಯನ್ನು ಪೋಕರಿಗೆ ತಂದ. ಆಟಗಾರರು ಇದನ್ನು ಐಸಿಎಂ ಎನ್ನುತ್ತಾರೆ. ತಿರುಳು ಸರಳ: ನೀವು ಮೊದಲಿಗರಾಗುವ ಸಂಭವ ನಿಮ್ಮ ಚಿಪ್ಸಿನ ಪಾಲಿನಷ್ಟೇ. ಮೊದಲಿಗರನ್ನು ಬದಿಗಿಟ್ಟು ಉಳಿದವರ ನಡುವೆ ಅದೇ ಲೆಕ್ಕ ಮಾಡಿದರೆ ಎರಡನೇ ಸ್ಥಾನ. ಹೀಗೇ ಮುಂದಕ್ಕೆ.

ಮೂವರು ಉಳಿದಿದ್ದಾರೆ, ಬಹುಮಾನ 50,000, 30,000 ಮತ್ತು 20,000 ರೂಪಾಯಿ ಎನ್ನೋಣ. ಚಿಪ್ಸ್ ಕ್ರಮವಾಗಿ 5,000, 3,000, 2,000. ಸೂತ್ರ ಹಾಕಿದರೆ ಮೊದಲನೆಯವರ ಪಾಲು ಸುಮಾರು 38,393 ರೂಪಾಯಿ, ಎರಡನೆಯವರದು 32,750, ಮೂರನೆಯವರದು 28,857. ಅರ್ಧ ಚಿಪ್ಸ್ ಇಟ್ಟುಕೊಂಡವರಿಗೆ ಅರ್ಧ ದುಡ್ಡು ಇಲ್ಲ. ಐದನೇ ಒಂದು ಪಾಲು ಚಿಪ್ಸ್ ಇರುವವರಿಗೆ ಕಾಲುಭಾಗಕ್ಕಿಂತ ಹೆಚ್ಚು ದುಡ್ಡಿದೆ.

ಕೊನೆಯ ಮೂವರು ‘ಇಲ್ಲಿಗೇ ಹಂಚಿಕೊಂಡುಬಿಡೋಣ’ ಎಂದಾಗಲೂ ಈ ಲೆಕ್ಕ ಕೆಲಸಕ್ಕೆ ಬರುತ್ತದೆ. ಎಲ್ಲರಿಗೂ 20,000 ಖಾತರಿ, ಉಳಿದ 40,000ವನ್ನು ಚಿಪ್ಸಿನ ಪ್ರಮಾಣದಲ್ಲಿ ಹಂಚೋಣ ಎಂದು ಮುಂದಿರುವವರು ಹೇಳುತ್ತಾರೆ. ಕೇಳಲು ನ್ಯಾಯವಾಗಿದೆ. ಆದರೆ ಆಗ ಅವರಿಗೆ 40,000 ಸಿಗುತ್ತದೆ, ಅಂದರೆ ಸುಮಾರು 1,600 ಹೆಚ್ಚು. ಅದು ಹೋಗುವುದು ಉಳಿದಿಬ್ಬರ ಜೇಬಿನಿಂದ.

ಗೆರೆಯ ಅಂಚಿನಲ್ಲಿ

ಇನ್ನೊಬ್ಬರು ಹೊರಬಿದ್ದರೆ ಉಳಿದವರೆಲ್ಲರಿಗೂ ಬಹುಮಾನ ಎನ್ನುವ ಘಟ್ಟಕ್ಕೆ ‘ಬಬಲ್’ ಎಂದು ಹೆಸರು. ಮೇಲಿನದೇ ಬಹುಮಾನ, ನಾಲ್ವರು ಉಳಿದಿದ್ದಾರೆ, ಎಲ್ಲರ ಚಿಪ್ಸೂ ಸಮ. ಹಾಗಾಗಿ ಪ್ರತಿಯೊಬ್ಬರ ಪಾಲು 25,000 ರೂಪಾಯಿ. ಎದುರಿನವರು ತಮ್ಮ ಚಿಪ್ಸನ್ನೆಲ್ಲ ಮುಂದೆ ತಳ್ಳಿ ಆಲ್-ಇನ್ ಎಂದರು. ನೀವು ಒಪ್ಪಿ ಗೆದ್ದರೆ ನಿಮ್ಮ ಚಿಪ್ಸ್ ಇಮ್ಮಡಿ, ಆದರೆ ಪಾಲು 38,333 ರೂಪಾಯಿ ಮಾತ್ರ. ಸೋತರೆ ಸೊನ್ನೆ. 25,000ವನ್ನು 38,333ರಿಂದ ಭಾಗಿಸಿ: ನೂರಕ್ಕೆ 65 ಸಲ ಗೆಲ್ಲುವಂತಿದ್ದರೆ ಮಾತ್ರ ಒಪ್ಪುವುದು ಲಾಭ.

ಎದುರಿನವರು ಎಲೆ ತೋರಿಸಿಯೇ ಬಿಟ್ಟರು, ಎಕ್ಕ-ರಾಜ. ನಿಮ್ಮ ಕೈಯಲ್ಲಿ ಜೋಡಿ ಗುಲಾಮ. ನೀವು ನೂರಕ್ಕೆ ಸುಮಾರು 56–57 ಸಲ ಗೆಲ್ಲುತ್ತೀರಿ. ಮಾಮೂಲಿ ಆಟದಲ್ಲಿ ಕಣ್ಣುಮುಚ್ಚಿ ಒಪ್ಪಬಹುದು. ಇಲ್ಲಿ ಎಲೆ ಮಗುಚಿಡುವುದೇ ಸರಿ. ಮನಸ್ಸು ಒಪ್ಪುವುದಿಲ್ಲ, ಲೆಕ್ಕ ಒಪ್ಪುತ್ತದೆ.

ಇದೇ ಲೆಕ್ಕದ ಇನ್ನೊಂದು ಮುಖ ಆಲ್-ಇನ್ ಹೇಳುವವರ ಲಾಭ. ಒಪ್ಪಲು ಎದುರಿನವರಿಗೂ 65 ಬೇಕು, ಹಾಗಾಗಿ ಅವರು ಹೆಚ್ಚು ಸಲ ಬಿಟ್ಟುಕೊಡುತ್ತಾರೆ. ಅದಕ್ಕೇ ಗೆರೆಯ ಅಂಚಿನ ಸೂತ್ರ: ಮೊದಲು ತಳ್ಳುವವರಾಗಿ, ಒಪ್ಪುವವರಾಗಬೇಡಿ. ತಳ್ಳುವುದನ್ನೂ ನೋಡಿ ತಳ್ಳಬೇಕು. ತೀರಾ ಕಡಿಮೆ ಚಿಪ್ಸ್ ಇರುವವರು ಹೇಗೂ ಮುಳುಗುತ್ತಿರುವವರು, ಏನು ಸಿಕ್ಕರೂ ಒಪ್ಪುತ್ತಾರೆ. ನಿಮಗಿಂತ ಹೆಚ್ಚು ಚಿಪ್ಸ್ ಇರುವವರು ನಿಮ್ಮನ್ನು ಮನೆಗೆ ಕಳಿಸಬಲ್ಲರು. ಒತ್ತಡ ಹೆಚ್ಚಿರುವುದು ನಡುವಿನವರ ಮೇಲೆ. ತಮಗಿಂತ ಬಡವರು ಇನ್ನೂ ಕೂತಿರುವಾಗ ತಾವು ಮೊದಲು ಹೊರಬೀಳುವುದು ಅವರಿಗೆ ಬೇಡ.

ಚಿಪ್ಸನ್ನು ಬ್ಲೈಂಡಿನಲ್ಲಿ ಎಣಿಸಿ

‘ನನ್ನ ಹತ್ತಿರ 40,000 ಚಿಪ್ಸ್ ಇದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಬ್ಲೈಂಡ್ 1,000 ಮತ್ತು 2,000, ಅದರ ಮೇಲೆ ಆಂಟಿ ಎಂಬ ಇನ್ನೊಂದು ಕಡ್ಡಾಯ ಪಾಲು 2,000 ಇದ್ದರೆ, ಆಟ ಶುರುವಾಗುವ ಮೊದಲೇ ಮಧ್ಯದಲ್ಲಿ 5,000 ಬಿದ್ದಿರುತ್ತದೆ. 40,000ವನ್ನು 5,000ದಿಂದ ಭಾಗಿಸಿದರೆ 8. ಏನೂ ಆಡದೆ ಕೂತರೆ ಮೇಜಿನ ಎಂಟು ಸುತ್ತಿಗೆ ನೀವು ಖಾಲಿ. ಈ ಸಂಖ್ಯೆಗೆ ‘ಎಂ’ ಎನ್ನುತ್ತಾರೆ. ಪಾಲ್ ಮ್ಯಾಗ್ರಿಯಲ್ ಎಂಬ ಬ್ಯಾಕ್‌ಗ್ಯಾಮನ್ ಆಟಗಾರನ ಹೆಸರಿನಿಂದ ಬಂದದ್ದು, ಡ್ಯಾನ್ ಹ್ಯಾರಿಂಗ್ಟನ್ ತನ್ನ ಪುಸ್ತಕಗಳಲ್ಲಿ ಅದನ್ನು ಮನೆಮಾತಾಗಿಸಿದ. ಹ್ಯಾರಿಂಗ್ಟನ್ 1995ರ ವಿಶ್ವ ಚಾಂಪಿಯನ್. ಅದೇ ಮುಖ್ಯ ಟೂರ್ನಮೆಂಟಿನಲ್ಲಿ 2003ರಲ್ಲಿ 839 ಜನರ ನಡುವೆ ಮೂರನೆಯವ, ಮರುವರ್ಷ 2,576 ಜನರ ನಡುವೆ ನಾಲ್ಕನೆಯವ. ದೂರ ಹೋಗುವುದು ಹೇಗೆಂದು ಕೇಳಿ ಕಲಿಯಬೇಕಾದರೆ ಇಂಥವರಿಂದಲೇ ಕಲಿಯಬೇಕು.

ನಾನು ಪಾಲಿಸುವ ಸ್ಥೂಲ ನಿಯಮ ಹೀಗಿದೆ. ದೊಡ್ಡ ಬ್ಲೈಂಡಿನ 40 ಪಟ್ಟು ಚಿಪ್ಸ್ ಇದ್ದರೆ ಆತುರವಿಲ್ಲ, ಒಳ್ಳೆಯ ಎಲೆಗೆ, ಒಳ್ಳೆಯ ಜಾಗಕ್ಕೆ ಕಾಯಬಹುದು. 20ರ ಆಸುಪಾಸಿನಲ್ಲಿ ಬೇರೆಯವರು ಸುಮ್ಮನೆ ಏರಿಸಿದಾಗ ಅದರ ಮೇಲೆ ಆಲ್-ಇನ್ ಹೇಳುವ ಅಸ್ತ್ರ ಹರಿತವಾಗಿರುತ್ತದೆ. 10ಕ್ಕೆ ಇಳಿದರೆ ಎರಡೇ ದಾರಿ, ಎಲ್ಲ ತಳ್ಳು ಇಲ್ಲವೇ ಬಿಡು.

ಹತ್ತರಲ್ಲಿ ತಳ್ಳುವುದು ದುಡುಕಲ್ಲ. 20,000 ಚಿಪ್ಸ್ ಇದೆ, ನಿಮಗಿಂತ ಮುಂಚಿನವರೆಲ್ಲ ಬಿಟ್ಟಿದ್ದಾರೆ, ಉಳಿದದ್ದು ಬ್ಲೈಂಡ್ ಇಟ್ಟ ಇಬ್ಬರು. ನೀವು ಆಲ್-ಇನ್ ಎಂದರೆ ನೂರಕ್ಕೆ 65 ಸಲ ಇಬ್ಬರೂ ಬಿಡುತ್ತಾರೆ ಎನ್ನಿ. ಆಗ 5,000 ನಿಮ್ಮದು, ಸರಾಸರಿ 3,250 ಲಾಭ. ಉಳಿದ 35 ಸಲ ದೊಡ್ಡ ಬ್ಲೈಂಡಿನವರು ಒಪ್ಪುತ್ತಾರೆ, ಮಧ್ಯದ ರಾಶಿ 43,000. ಅದರಲ್ಲಿ ನೀವು ಗೆಲ್ಲುವುದು ನೂರಕ್ಕೆ 35 ಸಲ ಮಾತ್ರ ಎಂದುಕೊಂಡರೂ ಆ ಭಾಗದ ಸರಾಸರಿ ನಷ್ಟ ಸುಮಾರು 1,730. ಕೂಡಿಸಿ ಕಳೆದರೆ ಪ್ರತಿ ಸಲ 1,500ಕ್ಕೂ ಹೆಚ್ಚು ಚಿಪ್ಸ್ ಲಾಭ. ಸಾಧಾರಣ ಎಲೆಯಿಂದ ಇಷ್ಟು ಬಂತು. 5ಕ್ಕೆ ಇಳಿಯುವವರೆಗೆ ಕಾದರೆ ಮಾತ್ರ ಈ ಬಲ ಉಳಿಯುವುದಿಲ್ಲ. ಆಗ ಯಾರೂ ನಿಮಗೆ ಹೆದರಿ ಬಿಡುವುದಿಲ್ಲ.

ಗೆರೆ ದಾಟಿದ ಕೂಡಲೇ

‘ಹತ್ತೇ ನಿಮಿಷದಲ್ಲಿ ಹೊರಗೆ’ ಎಂಬ ದೂರಿಗೆ ಉತ್ತರ ಇಲ್ಲಿದೆ. ಗೆರೆ ದಾಟುವವರೆಗೆ ಉಸಿರು ಬಿಗಿಹಿಡಿದು ಎಲ್ಲವನ್ನೂ ಬಿಟ್ಟುಕೊಟ್ಟು ಬಂದವರ ಬಳಿ ದಾಟುವ ಹೊತ್ತಿಗೆ ಐದಾರು ಬ್ಲೈಂಡ್ ಉಳಿದಿರುತ್ತದೆ. ಆಮೇಲೆ ಎಲೆ ಬಂದರೂ ಬರದಿದ್ದರೂ ಆಟ ಮುಗಿದಂತೆಯೇ. ಹೊರಬಿದ್ದದ್ದು ದಾಟಿದ ಮೇಲಾದರೂ ಸೋಲು ಶುರುವಾದದ್ದು ಅದಕ್ಕೆ ಮುಂಚೆ.

ಗೆರೆ ದಾಟಿದ ಕೂಡಲೇ ಲೆಕ್ಕವೂ ಬದಲಾಗುತ್ತದೆ. ನಮ್ಮ 100 ಜನರ ಉದಾಹರಣೆಯಲ್ಲಿ 15ನೇ ಸ್ಥಾನಕ್ಕೂ 11ಕ್ಕೂ ನಡುವೆ ಇರುವುದು ಕೆಲವೇ ಸಾವಿರ ರೂಪಾಯಿ. 2.5 ಲಕ್ಷ ಇನ್ನೂ ದೂರದಲ್ಲಿದೆ. ಸಣ್ಣ ಮೆಟ್ಟಿಲಿಗಾಗಿ ಎಲೆ ಬಿಡುತ್ತಾ ಕೂರುವುದು ಇಲ್ಲಿ ದುಬಾರಿ. ಬಬಲ್‌ನಲ್ಲಿ ಬಿಗಿ, ದಾಟಿದ ಮೇಲೆ ಸಡಿಲ, ಕೊನೆಯ ಮೇಜಿನ ಹತ್ತಿರ ಮತ್ತೆ ಬಿಗಿ, ಇದು ಸರಿಯಾದ ಲಯ. ಬಹುಪಾಲು ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಈ ನಡುವಿನ ಹೊತ್ತಿನಲ್ಲಿ ಕಡಿಮೆ ಚಿಪ್ಸಿನವರು ಹಿಂದೆಮುಂದೆ ನೋಡದೆ ತಳ್ಳುತ್ತಾರೆ. ಅವರನ್ನು ಒಪ್ಪಲು ಬಬಲ್‌ನಲ್ಲಿ ಬೇಕಿದ್ದ 65 ಈಗ ಬೇಕಿಲ್ಲ. ಅಲ್ಲಿ ಬಿಟ್ಟಿದ್ದ ಜೋಡಿ ಗುಲಾಮವನ್ನು ಇಲ್ಲಿ ಸಂತೋಷವಾಗಿ ಆಡಿ.

ಕೊನೆಯ ಮೇಜಿಗೆ ಬಂದ ಮೇಲೆ ಪ್ರತಿ ಆಟಕ್ಕೂ ಮುಂಚೆ ಎರಡು ಸಂಗತಿ ನೋಡಿಕೊಳ್ಳಿ. ನನಗಿಂತ ಕಡಿಮೆ ಚಿಪ್ಸ್ ಇರುವವರು ಎಷ್ಟು ಜನ? ಮುಂದಿನ ಮೆಟ್ಟಿಲಿಗೆ ಎಷ್ಟು ರೂಪಾಯಿ ಹೆಚ್ಚು? ಇಬ್ಬರು ಕೊನೆಯುಸಿರಿನಲ್ಲಿದ್ದರೆ ಕಾಯುವುದೇ ಸಂಪಾದನೆ. ನೀವೇ ಕೊನೆಯವರಾಗಿದ್ದರೆ ಕಾಯುವುದರಲ್ಲಿ ಏನೂ ಇಲ್ಲ.

ಈ ಮಟ್ಟದ ಆಟವನ್ನು ಜಗತ್ತಿನ ಅತಿ ದುಬಾರಿ ಮೇಜುಗಳಲ್ಲಿ ಆಡಿ ತೋರಿಸಿದವರಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರಿನ ಸಂತೋಷ್ ಸುವರ್ಣ 2023ರಲ್ಲಿ ಯುರೋಪಿನ ವರ್ಲ್ಡ್ ಸೀರೀಸಿನಲ್ಲಿ ಒಂದು ಬ್ರೇಸ್‌ಲೆಟ್ ಗೆದ್ದರು. 2024ರಲ್ಲಿ ಲಾಸ್ ವೇಗಸ್‌ನಲ್ಲಿ 2.5 ಲಕ್ಷ ಡಾಲರ್ ಪ್ರವೇಶದ ಟೂರ್ನಮೆಂಟ್ ಗೆದ್ದು 54 ಲಕ್ಷ ಡಾಲರಿಗೂ ಹೆಚ್ಚು ಪಡೆದರು.

ಇನ್ನು ಕಹಿ ಲೆಕ್ಕ

ಇಷ್ಟೆಲ್ಲ ಕಲಿತರೆ ದುಡ್ಡು ಮಾಡಬಹುದೇ? ಮನೆ ಕಂತು, ಮಕ್ಕಳ ಶಾಲೆ ಫೀಸು ಇರುವ ನಮ್ಮಂಥವರು ಈ ಭಾಗವನ್ನು ಎರಡು ಸಲ ಓದಬೇಕು.

ಮೊದಲು ಅದೃಷ್ಟ. ನೂರಕ್ಕೆ 15 ಸಲ ಬಹುಮಾನ ಮುಟ್ಟುವ ಆಟಗಾರ ಸತತ 10 ಟೂರ್ನಮೆಂಟಿನಲ್ಲಿ ಬರಿಗೈಯಲ್ಲಿ ಬರುವ ಸಂಭವ ಐದಕ್ಕೆ ಒಂದು. 100 ಜನರಲ್ಲಿ ಮೊದಲ ಮೂವರೊಳಗೆ ನೂರಕ್ಕೆ 5 ಸಲ ಬರುವ ನಿಜವಾದ ಒಳ್ಳೆಯ ಆಟಗಾರನೂ 30 ಟೂರ್ನಮೆಂಟ್ ಆಡಿ ಒಮ್ಮೆಯೂ ಅಲ್ಲಿಗೆ ತಲುಪದಿರುವ ಸಂಭವ ಐದಕ್ಕೆ ಒಂದಕ್ಕಿಂತ ತುಸು ಹೆಚ್ಚೇ. ವರ್ಷಕ್ಕೆ ನಾಲ್ಕು ಟೂರ್ನಮೆಂಟ್ ಆಡುವವರಿಗೆ 30 ಎಂದರೆ ಏಳೂವರೆ ವರ್ಷ.

ಎರಡನೆಯದು ತೆರಿಗೆ. ಇಂಥ ಗೆಲುವಿಗೆ ನಮ್ಮಲ್ಲಿ ಶೇಕಡಾ 30 ತೆರಿಗೆ, ಸೆಸ್ ಸೇರಿ 31.2. ಖರ್ಚು ಕಳೆಯುವಂತಿಲ್ಲ, ಸೋತ ಟೂರ್ನಮೆಂಟುಗಳನ್ನು ಗೆದ್ದದ್ದರ ಎದುರು ತೋರಿಸುವಂತಿಲ್ಲ. 10 ಲಕ್ಷ ಹಾಕಿ 10.2 ಲಕ್ಷ ತಂದ ಆ ಜಾಣ ಆಟಗಾರ ನೆನಪಿದ್ದಾನಲ್ಲ? ಅವನ ತೆರಿಗೆ ಸುಮಾರು 3.18 ಲಕ್ಷ. ಎಲ್ಲ ಸರಿಯಾಗಿ ಆಡಿದ ಮೇಲೂ ಅವನು 3 ಲಕ್ಷದಷ್ಟು ಹಿಂದೆ. ನಡೆಸುವವರ ಶುಲ್ಕ, ಗೋವಾದ ವಿಮಾನ, ಹೋಟೆಲು ಇನ್ನೂ ಬೇರೆ.

ಮೂರನೆಯದು ಕಾನೂನು. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತ್ತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ರಾಜ್ಯದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿ 14ರಂದು ಅದೇ ಹೈಕೋರ್ಟು ರದ್ದು ಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಫೋನಿನಲ್ಲಿ ಆಡುತ್ತಿದ್ದವರಿಗೆ ಈಗ ‘ಫಾರ್ಮ್‌ಹೌಸಿಗೆ ಬನ್ನಿ’ ಎಂಬ ಕರೆ ಬಂದರೆ ಹತ್ತು ಸಲ ಯೋಚಿಸಲಿ. ದೆಹಲಿ, ನೊಯ್ಡಾ, ಗುರುಗ್ರಾಮಕ್ಕೆ ಮೆಟ್ರೋ ಒಂದೇ, ಜೂಜಿನ ಕಾನೂನು ಮೂರು ಸರ್ಕಾರದ್ದು. ಆಟದಿಂದ ಮನೆಯವನಿಗೆ ಲಾಭ ಬರುವ ಜಾಗವೇ ಜೂಜುಮನೆ ಎಂಬುದು 1867ರ ಕಾಯ್ದೆಯ ಕಾಲದಿಂದ ಬಂದ ತಿರುಳು. ಯಾರಾದರೂ ಮಧ್ಯದ ರಾಶಿಯಿಂದ ಕಮಿಷನ್ ತೆಗೆಯುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

ಎರಡನೇ ಕರೆ

ಟೂರ್ನಮೆಂಟಿನಲ್ಲಿ ನನಗೆ ಹಿಡಿಸುವ ಗುಣ, ಸೋಲಿನ ಮಿತಿ ಬಾಗಿಲಲ್ಲೇ ಗೊತ್ತಿರುವುದು. 10,000 ಕಟ್ಟಿದರೆ ಹೋಗುವುದು 10,000 ಮಾತ್ರ. ಈ ಮಿತಿಯನ್ನು ಮುರಿಯುವುದು ರೀ-ಎಂಟ್ರಿ, ಅಂದರೆ ಹೊರಬಿದ್ದ ಮೇಲೆ ಮತ್ತೆ ದುಡ್ಡು ಕಟ್ಟಿ ಕೂರುವುದು. ಧರ್ಮರಾಯ ಮೊದಲ ದ್ಯೂತದಲ್ಲಿ ಎಲ್ಲ ಸೋತ, ಆದರೆ ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿದ. ವನವಾಸ ತಂದದ್ದು ಎರಡನೇ ಕರೆಗೆ ಓಗೊಟ್ಟು ಮತ್ತೆ ಕೂತದ್ದು. ಅವನು ಆಳಿದ ಇಂದ್ರಪ್ರಸ್ಥದ ನೆಲದಲ್ಲೇ ಬಾಡಿಗೆ ಕಟ್ಟಿಕೊಂಡಿರುವ ನಮಗೆ ಇದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಅದಕ್ಕೇ ನನ್ನ ನಿಯಮಗಳು ಎರಡು. ವರ್ಷಕ್ಕೆ ಇಷ್ಟು ಎಂದು ಹೆಂಡತಿಯ ಜೊತೆ ಕೂತು ಗೊತ್ತುಮಾಡಿದ ಮೊತ್ತ ಮಾತ್ರ ಆಟಕ್ಕೆ, ಅದು ಪ್ರವಾಸದ ಖರ್ಚಿನಂತೆ, ಹೂಡಿಕೆಯಂತಲ್ಲ. ಒಂದು ಟೂರ್ನಮೆಂಟಿಗೆ ಒಂದೇ ಪ್ರವೇಶ. ಉಳಿದ ವರ್ಷವಿಡೀ ಬಿಸಿಬೇಳೆಬಾತಿನ ಟೂರ್ನಮೆಂಟು. ಬ್ಲೈಂಡು, ಬಬಲ್, ಕೊನೆಯ ಮೇಜು ಎಲ್ಲವೂ ಅಲ್ಲೂ ಇವೆ, ಮೇಲಿನ ಲೆಕ್ಕಗಳೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ.

ನೀವೂ ಶುರುಮಾಡುವುದಾದರೆ ಪಾಯಿಂಟು ಹಂಚುವಾಗ ಒಂದು ಕಿವಿಮಾತು. ಎಂಟು ಜನರಿದ್ದರೆ ಮೂವರಿಗೆ 50, 30, 20ರಂತೆ ಕೊಡಿ, ಎಲ್ಲರಿಗೂ ಚೂರುಚೂರು ಕೊಡಬೇಡಿ. ಆಗಲೇ ನಾಲ್ವರು ಉಳಿದಾಗ ಮೇಜು ಮೌನವಾಗುತ್ತದೆ, ಜೋಡಿ ಗುಲಾಮ ಹಿಡಿದವರ ಕೈ ತಡವರಿಸುತ್ತದೆ, ಧಾರವಾಡದವರೂ ‘ಸಾಕು ಬಿಡು’ ಎನ್ನುವುದನ್ನು ನಿಲ್ಲಿಸುತ್ತಾರೆ.